ಶಾಲಾ ಗ್ರಂಥಾಲಯ: ಗ್ರಂಥಪಾಲಕರೂ ಸಂಶೋಧಕರೂ

ಶಾಲೆಯ ಗ್ರಂಥಾಲಯವನ್ನು ಕುರಿತು ವಿಚಾರ ಮಾಡುವವರಲ್ಲಿ ಎರಡು ವರ್ಗಗಳಿವೆ. ಒಂದು, ಪ್ರತಿನಿತ್ಯ ಅದರೊಳಗೆ ಕುಳಿತು ಮಕ್ಕಳ ಕೈಗೆ ಪುಸ್ತಕವನ್ನಿಡುವ ಗ್ರಂಥಪಾಲಕರ ವರ್ಗ. ಇನ್ನೊಂದು, ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಅದನ್ನೇ ಅಧ್ಯಯನದ ವಸ್ತುವಾಗಿ ಮಾಡಿಕೊಂಡ ಸಂಶೋಧಕರ ವರ್ಗ. ಮೊದಲಿನವರಿಗೆ ಅನುಭವವುಂಟು, ಅದನ್ನು ಬರೆದಿಡಲು ಬಿಡುವಿಲ್ಲ. ಎರಡನೆಯವರಿಗೆ ವಿಧಾನವುಂಟು, ಪುಸ್ತಕವನ್ನು ಕೈಗೆತ್ತಿಕೊಂಡ ಮಗುವಿನ ಮುಖವನ್ನು ದಿನದಿನವೂ ಕಾಣುವ ಅವಕಾಶವಿಲ್ಲ. ಇವರಿಬ್ಬರನ್ನೂ ಒಂದೆಡೆ ಕೂಡಿಸಿದರೆ ಶಾಲಾ ಗ್ರಂಥಾಲಯದ ಭವಿಷ್ಯ ಹಸನಾದೀತೆಂಬ ಮಾತು ಪಶ್ಚಿಮ ದೇಶಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿದೆ. ಮಾತು ಸಮಂಜಸವಾದುದೇ. ಆದರೆ ಹಾಗೆ ಕೂಡಿದವರು ಏನನ್ನು ಸಾಧಿಸಿದರು, ಅವರ ಸಾಧನೆಯಲ್ಲಿ ಯಾವುದು ಉಳಿಯಿತು, ಯಾವುದು ಕಾಗದದ ಮೇಲಷ್ಟೇ ನಿಂತಿತು ಎಂಬುದನ್ನು ಒರೆಗೆ ಹಚ್ಚಿ ನೋಡಬೇಕಾಗಿದೆ. ಅಂಥದೊಂದು ಪ್ರಯತ್ನವನ್ನು ಓದುಗರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯ ನಮಗೇಕೆ ಎಂದು ಓದುಗರು ಕೇಳಬಹುದು. ಈ ಪತ್ರಿಕೆಯನ್ನು ಓದುವವರಲ್ಲಿ ಅನೇಕರು ಮಠದ ಶಾಲೆಗಳಲ್ಲಿ ಓದಿ ಬೆಳೆದವರು. ಕೆಲವರು ಇಂದು ಅಧ್ಯಾಪಕರು, ಕೆಲವರು ಶಾಲೆಗಳ ಆಡಳಿತ ಮಂಡಳಿಗಳ ಸದಸ್ಯರು. ಶಾಲೆಗೆ ಕೊಠಡಿ ಕಟ್ಟಿಸುವಾಗ, ಪ್ರಯೋಗಶಾಲೆಗೆ ಸಾಮಗ್ರಿ ತರಿಸುವಾಗ ನಿಮ್ಮ ಅಭಿಪ್ರಾಯಕ್ಕೆ ಬೆಲೆಯಿದೆ. ಗ್ರಂಥಾಲಯದ ಪ್ರಸ್ತಾಪ ಬಂದಾಗಲೂ ಆ ಅಭಿಪ್ರಾಯ ತಿಳಿವಳಿಕೆಯಿಂದ ಕೂಡಿರಬೇಕಾದರೆ, ಇತರರು ನಡೆದ ದಾರಿಯನ್ನೂ ಅವರು ಎಡವಿದ ಕಲ್ಲುಗಳನ್ನೂ ಬಲ್ಲವರಾಗಿರುವುದು ಒಳಿತು.

ಈ ಕ್ಷೇತ್ರದಲ್ಲಿ ದೀರ್ಘವಾದ ಲಿಖಿತ ಪರಂಪರೆಯಿರುವುದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಆದಕಾರಣ ನಮ್ಮ ವಿಮರ್ಶೆಯನ್ನು ಅಲ್ಲಿಂದಲೇ ಆರಂಭಿಸೋಣ. ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಿಕೆ ಮೇರಿ ಗೇವರ್ ಅವರು ಆರು ಪ್ರಾಥಮಿಕ ಶಾಲೆಗಳನ್ನು ಆರಿಸಿಕೊಂಡು ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ತರಗತಿಯ ಮೂಲೆಯಲ್ಲಿ ಕೆಲವು ಪುಸ್ತಕಗಳನ್ನು ಮಾತ್ರ ಇಟ್ಟುಕೊಂಡ ಶಾಲೆಗಳು, ಪುಸ್ತಕಗಳನ್ನು ಒಂದೆಡೆ ಸಂಗ್ರಹಿಸಿದ್ದರೂ ನೋಡಿಕೊಳ್ಳಲು ಗ್ರಂಥಪಾಲಕರಿಲ್ಲದ ಶಾಲೆಗಳು, ತರಬೇತಿ ಪಡೆದ ಗ್ರಂಥಪಾಲಕರಿದ್ದ ಶಾಲೆಗಳು ಎಂಬ ಮೂರು ಬಗೆಯನ್ನು ಅವರು ಹೋಲಿಸಿದರು. ಮೂರನೆಯ ಬಗೆಯ ಶಾಲೆಗಳಲ್ಲಿ ಮಕ್ಕಳ ಓದು ಪ್ರಮಾಣದಲ್ಲಿಯೂ ವೈವಿಧ್ಯದಲ್ಲಿಯೂ ಮುಂದಿತ್ತು. ಪುಸ್ತಕ ಬೇರೆ, ಗ್ರಂಥಾಲಯ ಬೇರೆ. ಇವೆರಡರ ನಡುವಿನ ಅಂತರವನ್ನು ತುಂಬುವುದು ಬಲ್ಲ ವ್ಯಕ್ತಿಯೊಬ್ಬನ ಸಾನ್ನಿಧ್ಯ ಎಂಬ ತತ್ತ್ವವನ್ನು ಈ ಅಧ್ಯಯನ ಸ್ಪಷ್ಟಪಡಿಸಿತು. ಆರು ಶಾಲೆಗಳು ಬಹಳ ಕಡಮೆಯೆಂಬ ಆಕ್ಷೇಪಣೆಗೆ ಎಡೆಯಿದೆ. ಆದರೂ ಪ್ರಶ್ನೆಯನ್ನು ಸರಿಯಾಗಿ ವಿಂಗಡಿಸಿ ಕೇಳಿದ ಹಿರಿಮೆ ಗೇವರ್ ಅವರಿಗೆ ಸಲ್ಲುತ್ತದೆ.

ಅದೇ 1963ರಿಂದ 1968ರವರೆಗೆ ನ್ಯಾಪ್ ಪ್ರತಿಷ್ಠಾನದ ಧನಸಹಾಯದಿಂದ ಆಯ್ದ ಶಾಲೆಗಳಲ್ಲಿ ಆದರ್ಶ ಗ್ರಂಥಾಲಯಗಳನ್ನು ಸಜ್ಜುಗೊಳಿಸಿ, ಬೇರೆ ಊರಿನ ಅಧ್ಯಾಪಕರೂ ಆಡಳಿತಗಾರರೂ ಬಂದು ಕಣ್ಣಾರೆ ಕಾಣುವಂತೆ ಮಾಡಿದರು. 1965ರಲ್ಲಿ ಬಂದ ಶಿಕ್ಷಣ ಕಾಯಿದೆ ಶಾಲಾ ಗ್ರಂಥಾಲಯಗಳ ಸಾಮಗ್ರಿಗಾಗಿ ಕೇಂದ್ರ ಸರ್ಕಾರದ ಹಣವನ್ನು ಒದಗಿಸಿತು. ಹಣ ಬಂದಾಗ ಕಪಾಟುಗಳು ತುಂಬಿದವು, ಗ್ರಂಥಪಾಲಕರ ಸಂಖ್ಯೆಯೂ ವೃದ್ಧಿಸಿತು. ಮುಂದೆ ಆಯವ್ಯಯದಲ್ಲಿ ಬಿಗಿ ತೋರಿದಾಗ ಶಾಲಾ ಮಂಡಳಿಗಳು ಸಹಜವಾಗಿಯೇ ಒಂದು ಪ್ರಶ್ನೆಯನ್ನು ಮುಂದಿಟ್ಟವು: ಗ್ರಂಥಪಾಲಕನಿಂದ ಮಕ್ಕಳ ಕಲಿಕೆಗೆ ಆಗುವ ಲಾಭವನ್ನು ತೋರಿಸಬಲ್ಲಿರಾ?

ಇದಕ್ಕೆ ಉತ್ತರವಾಗಿ ಹುಟ್ಟಿದ್ದು ಅಂಕಿ-ಅಂಶಗಳ ಸಂಶೋಧನೆ. ಕೀತ್ ಕರಿ ಲ್ಯಾನ್ಸ್ ಮತ್ತು ಅವರ ಸಂಗಡಿಗರು ಕೊಲರಾಡೊ ರಾಜ್ಯದ 221 ಸರ್ಕಾರಿ ಶಾಲೆಗಳ ಮಾಹಿತಿಯನ್ನು ಪರಿಶೀಲಿಸಿ 1993ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ಗ್ರಂಥಾಲಯದ ಸಿಬ್ಬಂದಿ ಮತ್ತು ಸಂಗ್ರಹ ಉತ್ತಮವಾಗಿದ್ದ ಶಾಲೆಗಳಲ್ಲಿ ಮಕ್ಕಳ ಓದಿನ ಅಂಕಗಳು ಹೆಚ್ಚಾಗಿದ್ದುವು; ಊರಿನ ಬಡತನವನ್ನೂ ತಂದೆತಾಯಿಗಳ ಶಿಕ್ಷಣವನ್ನೂ ಲೆಕ್ಕದಲ್ಲಿ ತೆಗೆದುಕೊಂಡ ಮೇಲೂ ಈ ಸಂಬಂಧ ಅಳಿಯಲಿಲ್ಲ. ಅನಂತರ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದೇ ಮಾದರಿಯ ಅಧ್ಯಯನಗಳು ನಡೆದು, ಬಹುಮಟ್ಟಿಗೆ ಅದೇ ನಿರ್ಣಯಕ್ಕೆ ಬಂದವು.

ಈ ಪರಿಶ್ರಮವನ್ನು ಹಗುರಾಗಿ ಕಾಣಬಾರದು. ಆದರೆ ಇದರ ಮಿತಿಯನ್ನು ಗುರುತಿಸದೆ ಬಿಡುವುದೂ ವಿಮರ್ಶೆಯ ಧರ್ಮವಲ್ಲ. ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಸಿದ್ಧವಾಗುವುದಿಲ್ಲ. ಇದು ನಮ್ಮ ತರ್ಕಶಾಸ್ತ್ರವನ್ನು ಓದಿದ ವಿದ್ಯಾರ್ಥಿಗೂ ತಿಳಿದ ಮಾತು. ದಕ್ಷ ಮುಖ್ಯೋಪಾಧ್ಯಾಯನೂ ಜಾಗೃತ ಪಾಲಕರೂ ಇರುವ ಶಾಲೆಯಲ್ಲಿ ಗ್ರಂಥಾಲಯವೂ ಚೆನ್ನಾಗಿರುತ್ತದೆ, ಅಂಕಗಳೂ ಚೆನ್ನಾಗಿರುತ್ತವೆ. ಅಲ್ಲಿ ಫಲಕ್ಕೆ ಕಾರಣ ಯಾವುದು? ಈ ಕೊರತೆಯನ್ನು ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘವೇ ಮನಗಂಡಿತು. 2014ರಲ್ಲಿ ಅದು ವಿದ್ವಾಂಸರ ಸಮಾವೇಶವೊಂದನ್ನು ಕರೆದು, ಶಾಲಾ ಗ್ರಂಥಾಲಯಕ್ಕೂ ವಿದ್ಯಾರ್ಥಿಗಳ ಯಶಸ್ಸಿಗೂ ಕಾರ್ಯಕಾರಣ ಸಂಬಂಧವನ್ನು ಹೇಗೆ ಶೋಧಿಸಬೇಕೆಂದು ಚರ್ಚಿಸಿತು. ತಮ್ಮ ಪರವಾದ ಸಾಕ್ಷ್ಯವನ್ನೇ ಪುನಃ ಪರೀಕ್ಷೆಗೆ ಒಡ್ಡಿದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಇನ್ನೊಂದು ಕಹಿ ಸತ್ಯವನ್ನೂ ಇಲ್ಲಿ ಹೇಳಬೇಕು. ಇಷ್ಟೆಲ್ಲ ಅಧ್ಯಯನಗಳ ರಾಶಿ ಬಿದ್ದಿದ್ದರೂ, 2010ರಿಂದ 2019ರವರೆಗಿನ ಸುಮಾರು ಒಂದು ದಶಕದಲ್ಲಿ ಅಮೆರಿಕದ ಶಾಲಾ ಗ್ರಂಥಪಾಲಕರ ಹುದ್ದೆಗಳಲ್ಲಿ ಹೆಚ್ಚುಕಡಮೆ ಐದರಲ್ಲಿ ಒಂದು ಪಾಲು ಇಲ್ಲವಾಯಿತು. ಇದನ್ನು ಎಣಿಸಿ ತೋರಿಸಿದವರಲ್ಲಿ ಲ್ಯಾನ್ಸ್ ಅವರೂ ಒಬ್ಬರು! ಬಡಮಕ್ಕಳು ಹೆಚ್ಚಾಗಿರುವ ಪ್ರದೇಶಗಳಲ್ಲಿಯೇ ನಷ್ಟ ಅಧಿಕ. ಹುದ್ದೆಯನ್ನು ಕಾಪಾಡಲೆಂದು ಕಟ್ಟಿದ ವಾದ ಹುದ್ದೆಯನ್ನು ಕಾಪಾಡಲಿಲ್ಲ. ಕಾರಣವನ್ನು ನಾವು ಹೀಗೆ ಊಹಿಸುತ್ತೇವೆ: ಆ ವಾದದ ಪ್ರಶ್ನೆ ಆಡಳಿತಗಾರನದು, ಉತ್ತರ ಹೇಳಿದವನು ಸಂಶೋಧಕ, ಗ್ರಂಥಪಾಲಕನು ಮಾಹಿತಿಯನ್ನು ತುಂಬಿ ಕಳಿಸಿದವನು ಮಾತ್ರ. ಶಾಲೆಯೊಳಗೆ ಅಧ್ಯಾಪಕನೂ ಪಾಲಕನೂ ತಾವೇ ಕಂಡು ಒಪ್ಪಿದ ಪ್ರಯೋಜನವಿದ್ದಿದ್ದರೆ ಹುದ್ದೆಯನ್ನು ತೆಗೆಯಹೊರಟಾಗ ಊರೇ ಎದ್ದು ನಿಲ್ಲುತ್ತಿತ್ತು. ರಾಜ್ಯಮಟ್ಟದ ಸರಾಸರಿ ಸಂಖ್ಯೆಗಾಗಿ ಯಾರೂ ಎದ್ದು ನಿಲ್ಲುವುದಿಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಮಾರ್ಗದ ಸಂಶೋಧನೆಯನ್ನು ಓದುಗರು ಗಮನಿಸಬೇಕು. ಕ್ಯಾರಲ್ ಕೂಲ್ಥೌ ಅವರು ಮೊದಲು ಶಾಲಾ ಗ್ರಂಥಪಾಲಕಿ. ಗ್ರಂಥಾಲಯವನ್ನು ಬಳಸುವ ಕ್ರಮವನ್ನು ಚೆನ್ನಾಗಿ ಕಲಿಸಿದ ಮೇಲೂ, ಪ್ರಬಂಧ ಬರೆಯಲು ಬಂದ ವಿದ್ಯಾರ್ಥಿಗಳು ಗೊಂದಲದಿಂದಲೂ ಅಂಜಿಕೆಯಿಂದಲೂ ಕುಳಿತಿರುವುದನ್ನು ಅವರು ಕಂಡರು. ಜಾಣ ವಿದ್ಯಾರ್ಥಿಗಳಿಗೂ ಹೀಗೇಕಾಗುತ್ತದೆ? ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಅವರು ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ನಡೆಸಿ 1983ರಲ್ಲಿ ಡಾಕ್ಟರೇಟ್ ಪಡೆದರು. ವಿಷಯವನ್ನು ಆರಿಸಿಕೊಂಡಾಗ ಹುಡುಗನಿಗೆ ಉತ್ಸಾಹವಿರುತ್ತದೆ. ಓದತೊಡಗಿ, ಒಂದು ಗ್ರಂಥ ಹೇಳಿದ್ದಕ್ಕೂ ಇನ್ನೊಂದು ಹೇಳಿದ್ದಕ್ಕೂ ಹೊಂದಿಕೆಯಾಗದಿರುವುದನ್ನು ಕಂಡಾಗ ಸಂದೇಹ ಬಲಿಯುತ್ತದೆ, ಧೈರ್ಯ ಕುಗ್ಗುತ್ತದೆ. ತನ್ನದೊಂದು ದೃಷ್ಟಿ ಮೂಡಿದ ಮೇಲೆಯೇ ವಿಶ್ವಾಸ ಮರಳುತ್ತದೆ. ನಡುವಿನ ಆ ಕಳವಳ ದಡ್ಡತನದ ಗುರುತಲ್ಲ, ಕಲಿಕೆಯ ಸಹಜ ಘಟ್ಟ ಎಂಬುದು ಅವರ ಶೋಧದ ಸಾರ. 1993ರಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಓದುವ ಕೃತಿಯಾಗಿದೆ.

ಈ ಶೋಧದಿಂದ ಗ್ರಂಥಪಾಲಕನ ನಿತ್ಯದ ನಡವಳಿಕೆಯೇ ಬದಲಾಗುತ್ತದೆಯೆಂಬುದನ್ನು ಗಮನಿಸಿರಿ. ಪುಸ್ತಕ ಎಲ್ಲಿದೆಯೆಂದು ತೋರಿಸಿದಲ್ಲಿಗೆ ತನ್ನ ಕೆಲಸ ಮುಗಿಯಿತೆಂದು ಅವನು ತಿಳಿಯಲಾರ. ಹುಡುಗ ಮೂರನೆಯ ದಿನ ಸಪ್ಪೆ ಮುಖ ಮಾಡಿಕೊಂಡು ಬಂದಾಗ ಅವನ ಬಳಿ ಕುಳಿತುಕೊಳ್ಳಬೇಕಾದ ಹೊತ್ತು ಅದೆಂದು ಅರಿಯುತ್ತಾನೆ. ಗ್ರಂಥಾಲಯದೊಳಗೆ ಹುಟ್ಟಿದ ಪ್ರಶ್ನೆ ವಿಶ್ವವಿದ್ಯಾಲಯಕ್ಕೆ ಹೋಗಿ, ಸಂಸ್ಕಾರಗೊಂಡು, ಗ್ರಂಥಾಲಯಕ್ಕೇ ಮರಳಿತು. ಉಭಯ ವರ್ಗಗಳ ಕೂಟಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾವು ಕಾಣೆವು. ಇಲ್ಲಿ ಗ್ರಂಥಪಾಲಕಿಯೇ ಸಂಶೋಧಕಿ.

ಎಲ್ಲ ಗ್ರಂಥಪಾಲಕರೂ ಕೂಲ್ಥೌ ಆಗಲಾರರು; ಆದ್ದರಿಂದಲೇ ಕೂಡುವ ವ್ಯವಸ್ಥೆ ಬೇಕಾಗುತ್ತದೆ. 1971ರಲ್ಲಿ ಜಮೈಕಾದಲ್ಲಿ ಹುಟ್ಟಿದ ಶಾಲಾ ಗ್ರಂಥಾಲಯಗಳ ಅಂತರರಾಷ್ಟ್ರೀಯ ಸಂಸ್ಥೆ ಈ ಕೆಲಸವನ್ನು ವಿಸ್ತಾರವಾಗಿ ನಡೆಸಿಕೊಂಡು ಬಂದಿದೆ. 1989ರಲ್ಲಿ ಯೂಟಾ ರಾಜ್ಯದ ಪಾರ್ಕ್ ಸಿಟಿ ಎಂಬ ಬೆಟ್ಟದೂರಿನಲ್ಲಿ ಡೇವಿಡ್ ಲರ್ಚರ್ ಅವರು ಸಂಶೋಧಕರನ್ನೂ ಶಾಲಾ ಗ್ರಂಥಪಾಲಕರನ್ನೂ ಒಂದೆಡೆ ಕೂಡಿಸಿ, ‘ಟ್ರೆಷರ್ ಮೌಂಟನ್’ ಹೆಸರಿನ ಗೋಷ್ಠಿಯನ್ನು ಆರಂಭಿಸಿದರು. 2001ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ರಾಸ್ ಟಾಡ್ ಅವರು, ಗ್ರಂಥಪಾಲಕರು ತಮ್ಮ ಹುದ್ದೆಯ ಹಿರಿಮೆಯನ್ನು ಸಾರುವುದನ್ನು ಬಿಟ್ಟು, ತಮ್ಮ ಶಾಲೆಯಲ್ಲಿ ಆದ ಕಲಿಕೆಯ ಸಾಕ್ಷ್ಯವನ್ನು ತಾವೇ ಸಂಗ್ರಹಿಸಬೇಕೆಂದು ಒತ್ತಿ ಹೇಳಿದರು. ಈ ಮಾತು ಮೇಲಿನ ಲೋಪಕ್ಕೆ ತಕ್ಕ ಮದ್ದು.

ಆದರೆ ಟಾಡ್ ಅವರ ಕೃತಿಯೂ ವಿಮರ್ಶೆಗೆ ಹೊರತಲ್ಲ. ಅವರೂ ಕೂಲ್ಥೌ ಅವರೂ ಸೇರಿ ಒಹಾಯೊ ರಾಜ್ಯದ 39 ಶಾಲೆಗಳಲ್ಲಿ 13,123 ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2004ರಲ್ಲಿ ವರದಿಯನ್ನು ಹೊರತಂದರು. ಗ್ರಂಥಾಲಯ ತಮಗೆ ಒಂದಲ್ಲ ಒಂದು ರೀತಿಯಲ್ಲಿ ನೆರವಾಯಿತೆಂದವರು ಶೇಕಡಾ 99.4. ಈ ಸಂಖ್ಯೆಯನ್ನು ಅನೇಕರು ಪತಾಕೆಯಂತೆ ಎತ್ತಿ ಹಿಡಿದರು. ಆದರೆ ಆ 39 ಶಾಲೆಗಳು ಉತ್ತಮ ಗ್ರಂಥಾಲಯವಿರುವವೆಂದು ಮೊದಲೇ ಆರಿಸಿದ ಶಾಲೆಗಳು. ಫಲವತ್ತಾದ ಹೊಲಗಳನ್ನೇ ಆರಿಸಿ ಬೆಳೆ ಅಳೆದರೆ ನಾಡಿನ ಬೆಳೆ ತಿಳಿಯುವುದಿಲ್ಲ. ಆ ವರದಿಯ ನಿಜವಾದ ಬೆಲೆ ಬೇರೆ ಕಡೆಯಿದೆ: ಎಷ್ಟು ಪುಸ್ತಕಗಳಿವೆ ಎಂದು ಕೇಳದೆ, ಗ್ರಂಥಾಲಯ ನಿನಗೆ ಯಾವ ಬಗೆಯಲ್ಲಿ ನೆರವಾಯಿತು ಎಂದು ಮಗುವನ್ನೇ ಕೇಳಿದ್ದು. ಪತಾಕೆಯಾಗಿ ಹಿಡಿದವರು ಆ ಪ್ರಶ್ನೆಯನ್ನು ಮರೆತು ಸಂಖ್ಯೆಯನ್ನು ಮಾತ್ರ ಉಳಿಸಿಕೊಂಡರು.

ಇನ್ನು ನಮ್ಮ ದೇಶದತ್ತ ತಿರುಗೋಣ. ಗ್ರಂಥಾಲಯ ವಿಜ್ಞಾನಕ್ಕೆ ಸೂತ್ರಗಳನ್ನು ರಚಿಸಿಕೊಟ್ಟ ಎಸ್. ಆರ್. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು; 1917ರಲ್ಲಿ ಅವರು ಅಧ್ಯಾಪನವನ್ನು ಕೈಗೊಂಡದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಪಂಚಸೂತ್ರಗಳ ಗ್ರಂಥವನ್ನು ಪ್ರಕಟಿಸಿದರು. ಬಾಳಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಅವರು ತೀರಿಕೊಂಡ ಮೇಲೆ, 1973ರಲ್ಲಿ ಬೆಳಕಿಗೆ ಬಂದ ಅವರ ಗ್ರಂಥದ ವಿಷಯ ನೂತನ ಶಿಕ್ಷಣ ಮತ್ತು ಶಾಲಾ ಗ್ರಂಥಾಲಯ. ಅರ್ಧ ಶತಮಾನದ ಅನುಭವವೆಂಬುದು ಅದರ ಉಪಶೀರ್ಷಿಕೆಯ ಭಾವ. ಗ್ರಂಥಪಾಲಕನಾಗಿ ಕೆಲಸ ಮಾಡುತ್ತಲೇ ಸೂತ್ರವನ್ನು ಹುಡುಕುವುದು ನಮಗೆ ಹೊರಗಿನಿಂದ ತರಬೇಕಾದ ಪದ್ಧತಿಯೇನೂ ಅಲ್ಲ. ನಮ್ಮ ಮಣ್ಣಿನಲ್ಲಿಯೇ ಅದಕ್ಕೆ ಮೇಲ್ಪಂಕ್ತಿಯಿದೆ.

ಆದರೂ ನಮ್ಮ ಶಾಲೆಗಳ ಸ್ಥಿತಿ ಏನಾಗಿದೆ? ಡಾ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅವರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗ 1953ರಲ್ಲಿ ಕೊಟ್ಟ ವರದಿ ಕಟುವಾಗಿ ಮಾತನಾಡಿತು. ಬಹುಪಾಲು ಶಾಲೆಗಳಲ್ಲಿ ಗ್ರಂಥಾಲಯವೆನ್ನಬಹುದಾದುದೇ ಇಲ್ಲ, ಇರುವ ಪುಸ್ತಕಗಳು ಹಳೆಯವು, ಮಕ್ಕಳ ಅಭಿರುಚಿಯನ್ನು ನೋಡಿ ಆರಿಸಿದವಲ್ಲ, ನೋಡಿಕೊಳ್ಳುವವನು ಗುಮಾಸ್ತನೋ ಆಸಕ್ತಿಯಿಲ್ಲದ ಅಧ್ಯಾಪಕನೋ ಎಂದು ಅದು ವಿವರಿಸಿ, ತರಬೇತಿ ಪಡೆದ ಗ್ರಂಥಪಾಲಕನಿರಬೇಕೆಂದು ಸಲಹೆ ಮಾಡಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅನುಸೂಚಿಯಲ್ಲಿ ಪ್ರತಿಯೊಂದು ಶಾಲೆಯಲ್ಲಿಯೂ ಪತ್ರಿಕೆಗಳೂ ಕಥಾಪುಸ್ತಕಗಳೂ ಸೇರಿದಂತೆ ಗ್ರಂಥಾಲಯವಿರಬೇಕೆಂಬ ವಿಧಿಯಿದೆ. ಆದರೆ ಅದೇ ಅನುಸೂಚಿಯಲ್ಲಿ ಗ್ರಂಥಪಾಲಕನ ಹೆಸರಿಲ್ಲ! ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರನ್ನು ಹೇಳಿದ ಶಾಸನ, ಪುಸ್ತಕಗಳು ತಮ್ಮನ್ನು ತಾವೇ ಓದಿಸಿಕೊಳ್ಳುತ್ತವೆಂದು ಭಾವಿಸಿದಂತಿದೆ. 1963ರಲ್ಲಿ ಗೇವರ್ ಅವರು ಎರಡನೆಯ ಬಗೆಯೆಂದು ಎಣಿಸಿದ ಶಾಲೆಯನ್ನೇ ನಾವು ಕಾನೂನಿನ ಮೂಲಕ ಆದರ್ಶವಾಗಿ ಅಂಗೀಕರಿಸಿದಂತಾಯಿತು.

ಹೀಗಿರುವಾಗ, ಮೊದಲು ಹುದ್ದೆ ತುಂಬಲಿ, ಸಂಶೋಧನೆ ಆಮೇಲೆ ಬರಲಿ ಎಂದು ಕೆಲವರು ವಾದಿಸಬಹುದು. ವಾದದಲ್ಲಿ ಹುರುಳಿದೆ. ಗ್ರಂಥಪಾಲಕನೇ ಇಲ್ಲದೆಡೆ ಸಂಶೋಧಕ ಯಾರನ್ನು ಕೂಡಬೇಕು? ಹುದ್ದೆಯ ಒತ್ತಾಯವನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಆದರೆ ಎಪ್ಪತ್ತು ವರ್ಷಗಳ ಹಿಂದೆ ಆಯೋಗ ಹೇಳಿದ್ದು ಇಂದಿಗೂ ಈಡೇರದಿರುವಾಗ, ಕಾಯುತ್ತ ಕುಳಿತರೆ ಇನ್ನೊಂದು ಪೀಳಿಗೆ ಬೀಗ ಹಾಕಿದ ಬೀರುವಿನ ಮುಂದೆ ಹಾದುಹೋಗುತ್ತದೆ. ಪ್ರತಿ ಶಾಲೆಯಲ್ಲಿಯೂ ಗ್ರಂಥಾಲಯದ ಹೊಣೆ ಹೊತ್ತ ಅಧ್ಯಾಪಕನೊಬ್ಬ ಇದ್ದೇ ಇರುತ್ತಾನೆ. ಆರಂಭ ಅವನಿಂದಲೇ ಆಗಲಿ.

ಬೀರುವಿಗೆ ಬೀಗವೇಕೆ ಎಂಬುದನ್ನೇ ನೋಡಿರಿ. ಪುಸ್ತಕ ಕಳೆದುಹೋದರೆ ದಾಸ್ತಾನು ಪುಸ್ತಕದಲ್ಲಿ ಲೆಕ್ಕ ತಪ್ಪುತ್ತದೆ, ತಪಾಸಣೆಯ ದಿನ ತಾನು ಉತ್ತರ ಹೇಳಬೇಕಾಗುತ್ತದೆ ಎಂಬುದು ಆ ಅಧ್ಯಾಪಕನ ಭಯ. ಆ ಭಯ ನಿರಾಧಾರವೆಂದು ದೂರ ನಿಂತು ಉಪದೇಶಿಸುವುದು ಸುಲಭ. ಅದರ ಬದಲು ಇದನ್ನೇ ಶೋಧಕ್ಕೆ ಯೋಗ್ಯವಾದ ಪ್ರಶ್ನೆಯನ್ನಾಗಿ ಮಾಡಿಕೊಳ್ಳಬಾರದೇಕೆ? ಕೆಲವು ಶಾಲೆಗಳಲ್ಲಿ ಒಂದು ವರ್ಷ ಬೀರುಗಳನ್ನು ತೆರೆದಿಡಲಿ. ಅಂಥವೇ ಬೇರೆ ಶಾಲೆಗಳಲ್ಲಿ ಹಿಂದಿನ ಕ್ರಮವೇ ಇರಲಿ. ಎಷ್ಟು ಪುಸ್ತಕ ಹೋದವು, ಎಷ್ಟು ಓದಲ್ಪಟ್ಟವು, ಯಾರು ಓದಿದರು ಎಂಬುದನ್ನು ಅಧ್ಯಾಪಕ ಬರೆದಿಡಲಿ. ವಿಶ್ವವಿದ್ಯಾಲಯದವರು ಅದನ್ನು ಕ್ರಮಬದ್ಧವಾಗಿ ಪರಿಶೀಲಿಸಲಿ. ಬಂದ ಉತ್ತರ ಆ ಅಧ್ಯಾಪಕನ ಭಯವನ್ನು ಕಳೆಯಬಹುದು. ಇಲ್ಲವೆ ಅವನ ಭಯಕ್ಕೆ ಆಧಾರವಿದೆಯೆಂದು ತೋರಿಸಿ, ಆಡಳಿತ ಮಂಡಳಿ ನಷ್ಟವನ್ನು ತಾನೇ ಭರಿಸುವಂತೆ ಮಾಡಬಹುದು. ಎರಡೂ ಲಾಭವೇ. ಎಂಟನೆಯ ತರಗತಿಗೆ ಬಂದೊಡನೆ ಹುಡುಗರು ಕಥೆ ಓದುವುದನ್ನು ಬಿಡುತ್ತಾರೆಯೇ, ಮನೆಗೊಯ್ದ ಪುಸ್ತಕವನ್ನು ಅಕ್ಷರ ಬಾರದ ತಾಯಿಗೆ ಮಗಳು ಓದಿ ಹೇಳುತ್ತಾಳೆಯೇ, ಇಂಗ್ಲಿಷ್ ಮಾಧ್ಯಮದ ಮಗು ಕನ್ನಡ ಪುಸ್ತಕವನ್ನು ತಾನಾಗಿ ಕೈಗೆತ್ತಿಕೊಳ್ಳುತ್ತದೆಯೇ—ಇವೆಲ್ಲ ಅಂಥ ಪ್ರಶ್ನೆಗಳು.

ಮೈಸೂರು, ಧಾರವಾಡ, ಬೆಂಗಳೂರುಗಳ ವಿಶ್ವವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನದ ವಿಭಾಗಗಳಿವೆ. ಅಲ್ಲಿಯ ವಿದ್ವಾಂಸರಲ್ಲಿ ನಮ್ಮದೊಂದು ವಿನಂತಿ. ಪ್ರಶ್ನಾವಳಿಯನ್ನು ಅಂಚೆಗೆ ಹಾಕಿ ಉತ್ತರ ಕಾಯುವುದರಿಂದ ಮಹಾಪ್ರಬಂಧ ಸಿದ್ಧವಾದೀತು; ಶಾಲೆಗೆ ಏನೂ ಸಿದ್ಧವಾಗದು. ಸಂಶೋಧಕ ವಿದ್ಯಾರ್ಥಿ ಒಂದು ಅವಧಿಯನ್ನಾದರೂ ಶಾಲೆಯ ಗ್ರಂಥಾಲಯದಲ್ಲಿ ಕುಳಿತು ಕಳೆಯಲಿ. ಶಾಲೆಯ ಅಧ್ಯಾಪಕ ಎತ್ತಿದ ಪ್ರಶ್ನೆಗೆ ಅವನ ಹೆಸರೂ ಲೇಖನದ ಮೇಲೆ ಸೇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕಂಡುಕೊಂಡದ್ದನ್ನು ನಾಲ್ಕು ಪುಟದ ಸರಳ ಕನ್ನಡದಲ್ಲಿ ಬರೆದು, ಅದೇ ವರ್ಷ, ಅದೇ ಶಾಲೆಯ ಅಧ್ಯಾಪಕರಿಗೂ ಪಾಲಕರಿಗೂ ಓದಿ ಹೇಳಲಿ. ಇಂಗ್ಲಿಷಿನಲ್ಲಿ ಬರೆದು ವಿಶ್ವವಿದ್ಯಾಲಯದ ಕಪಾಟಿನಲ್ಲಿಟ್ಟ ಪ್ರಬಂಧಕ್ಕೂ ಶಾಲೆಯ ಬೀಗ ಹಾಕಿದ ಬೀರುವಿಗೂ ಹೆಚ್ಚಿನ ಭೇದವಿಲ್ಲ.

ಅಮೆರಿಕದ ಆರು ದಶಕಗಳ ಚರಿತ್ರೆಯಿಂದ ನಾವು ಗ್ರಹಿಸಬೇಕಾದ ಪಾಠ ಇಷ್ಟೇ. ಇಬ್ಬರನ್ನು ಒಂದು ಸಭಾಂಗಣದಲ್ಲಿ ಕೂಡಿಸಿದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಪ್ರಶ್ನೆ ಗ್ರಂಥಾಲಯದಿಂದ ಹೊರಡಬೇಕು. ಉತ್ತರ ಗ್ರಂಥಾಲಯಕ್ಕೆ ಮರಳಬೇಕು. ಹಾಗಾದ ಕಡೆ ಶೋಧ ಬಾಳಿದೆ. ಹುದ್ದೆಯ ಸಮರ್ಥನೆಗೆಂದೇ ನಡೆದ ಕಡೆ ಅಂಕಿ-ಅಂಶಗಳು ಉಳಿದು ಹುದ್ದೆಗಳು ಹೋಗಿವೆ.

ಓದುಗರಲ್ಲಿ ಶಾಲೆಗಳ ಆಡಳಿತದಲ್ಲಿರುವವರು ಮುಂದಿನ ಸಭೆಯಲ್ಲಿ ಈ ಒಂದು ವಿಷಯವನ್ನು ಪ್ರಸ್ತಾಪಿಸಬೇಕೆಂದು ನಮ್ಮ ಸೂಚನೆ. ಗ್ರಂಥಾಲಯದ ಹೊಣೆಯಲ್ಲಿರುವ ಅಧ್ಯಾಪಕರನ್ನು ಕರೆದು, ನಿಮ್ಮಲ್ಲಿ ಎಷ್ಟು ಪುಸ್ತಕಗಳಿವೆಯೆಂದು ಕೇಳುವ ಮೊದಲು, ನಿಮ್ಮನ್ನು ಕಾಡುವ ಪ್ರಶ್ನೆ ಯಾವುದೆಂದು ಕೇಳಿರಿ. ಅವರಿಗೆ ವಾರದಲ್ಲಿ ಎರಡು ಅವಧಿಗಳ ಬಿಡುವನ್ನು ಇದಕ್ಕೆಂದೇ ಕೊಡಿರಿ. ಸಮೀಪದ ವಿಶ್ವವಿದ್ಯಾಲಯದ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಖರ್ಚಿಲ್ಲದ ಈ ಕಾರ್ಯವನ್ನು ಮಠದ ಶಾಲೆಗಳು ಮೊದಲು ಕೈಗೊಂಡು ಇತರರಿಗೆ ಮಾದರಿಯಾಗಲಿ ಎಂದು ಹಾರೈಸುತ್ತೇವೆ.